ಬಾರದ ಆಲ್ಬಮ್ಮಿಗೆ ಕಾದ 37 ವರ್ಷ

1966 ಮುಗಿದು 1967 ಶುರುವಾಗುವ ಹೊತ್ತಿಗೆ ಅಮೆರಿಕದ ಕ್ಯಾಪಿಟಲ್ ರೆಕಾರ್ಡ್ಸ್ ಕಂಪನಿ ಒಂದು ಹೊಸ ಎಲ್‌ಪಿ ರೆಕಾರ್ಡಿನ ನಾಲ್ಕು ಲಕ್ಷಕ್ಕೂ ಹೆಚ್ಚು ರಟ್ಟಿನ ಹೊದಿಕೆಗಳನ್ನು ಅಚ್ಚು ಹಾಕಿಸಿತ್ತು. ಮುಂದಿನ ಪುಟದಲ್ಲಿ ಫ್ರಾಂಕ್ ಹೋಮ್ಸ್ ಎಂಬ ಕಲಾವಿದ ಬರೆದ ಒಂದು ಪುಟ್ಟ ಅಂಗಡಿಯ ಚಿತ್ರ. ಆ ಅಂಗಡಿಯಲ್ಲಿ ಮಾರಾಟಕ್ಕಿರುವುದು ನಗು. ಹಿಂದಿನ ಪುಟದಲ್ಲಿ ಹನ್ನೆರಡು ಹಾಡುಗಳ ಪಟ್ಟಿ, ಅದರ ಜೊತೆಗೆ ಸಣ್ಣದೊಂದು ಸೂಚನೆ: ಹಾಡುಗಳ ಸರಿಯಾದ ಅನುಕ್ರಮಕ್ಕೆ ಲೇಬಲ್ ನೋಡಿಕೊಳ್ಳಿ. ಲೇಬಲ್ ಎಂದರೆ ರೆಕಾರ್ಡಿನ ನಡುವೆ ಅಂಟಿಸುವ ದುಂಡನೆಯ ಕಾಗದ. ಹೊದಿಕೆ ಬಂತು, ಒಳಗೆ ಇಡಬೇಕಾದ ಚಿತ್ರಪುಸ್ತಿಕೆಯೂ ಲಕ್ಷಗಟ್ಟಲೆ ಅಚ್ಚಾಗಿ ಬಂತು. ರೆಕಾರ್ಡ್ ಮಾತ್ರ ಬರಲಿಲ್ಲ. ಹಾಗಾಗಿ ಲೇಬಲ್ಲೂ ಇಲ್ಲ, ಸರಿಯಾದ ಅನುಕ್ರಮವೂ ಇಲ್ಲ.

ಆ ಆಲ್ಬಮ್ಮಿನ ಹೆಸರು 'ಸ್ಮೈಲ್'. ಮಾಡಹೊರಟವರು ಕ್ಯಾಲಿಫೋರ್ನಿಯಾದ 'ಬೀಚ್ ಬಾಯ್ಸ್' ಎಂಬ ತಂಡ. ರಾಕ್ ಸಂಗೀತದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಬಿಡುಗಡೆಯಾದ ರೆಕಾರ್ಡುಗಳ ಕತೆ ಹೇಳುತ್ತಾರೆ. ಎಷ್ಟು ಮಾರಾಟವಾಯಿತು, ಯಾರ ಮೇಲೆ ಪ್ರಭಾವ ಬೀರಿತು, ಇತ್ಯಾದಿ. ನನಗೆ ಈ ಬಿಡುಗಡೆಯಾಗದ ರೆಕಾರ್ಡಿನ ಬಗ್ಗೆ ಕುತೂಹಲ ಹುಟ್ಟಿದ್ದು ಬೇರೆ ಕಾರಣಕ್ಕೆ. ಒಂದು ಕೃತಿ ಹೊರಬರುವ ಮೊದಲೇ ಅದರ ಸುತ್ತ ಎದ್ದ ಉತ್ಸಾಹಕ್ಕೆ ತನ್ನದೇ ಒಂದು ಚರಿತ್ರೆ ಇರಬಹುದೇ? ಆ ಉತ್ಸಾಹ ಕೃತಿಯನ್ನು ಮುರಿಯಬಲ್ಲದೇ, ಆಮೇಲೆ ಅದೇ ಉತ್ಸಾಹ ಅದನ್ನು ಉಳಿಸಬಲ್ಲದೇ? 'ಸ್ಮೈಲ್' ವಿಷಯದಲ್ಲಿ ಎರಡೂ ನಡೆದವು ಎಂದು ನನಗೆ ಅನ್ನಿಸುತ್ತದೆ.

ತಂಡದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಲಾಸ್ ಏಂಜಲಿಸ್ ಹತ್ತಿರದ ಹಾಥಾರ್ನ್ ಎಂಬ ಊರಿನ ಮೂವರು ಅಣ್ಣತಮ್ಮಂದಿರು, ಬ್ರಯಾನ್, ಡೆನ್ನಿಸ್ ಮತ್ತು ಕಾರ್ಲ್ ವಿಲ್ಸನ್. ಅವರ ಸೋದರಸಂಬಂಧಿ ಮೈಕ್ ಲವ್, ಗೆಳೆಯ ಅಲ್ ಜಾರ್ಡೀನ್. 1961ರಲ್ಲಿ ಒಂದಾದ ಈ ಹುಡುಗರು ಹಾಡಿದ್ದು ಸಮುದ್ರದ ಅಲೆಯ ಮೇಲೆ ಹಲಗೆ ಹತ್ತಿ ಸವಾರಿ ಮಾಡುವ ಆಟದ ಬಗ್ಗೆ, ಕಾರುಗಳ ಬಗ್ಗೆ, ಹುಡುಗಿಯರ ಬಗ್ಗೆ. ಪಟ್ಟಾಪಟ್ಟಿ ಅಂಗಿ ತೊಟ್ಟು ವೇದಿಕೆಗೆ ಬಂದರೆ ಹದಿಹರೆಯದವರ ಕಿರುಚಾಟದಲ್ಲಿ ಹಾಡೇ ಕೇಳಿಸುತ್ತಿರಲಿಲ್ಲ. ಹಾಡು ಕಟ್ಟುತ್ತಿದ್ದವನು ಬ್ರಯಾನ್. 1964ರ ಡಿಸೆಂಬರಿನಲ್ಲಿ ವಿಮಾನದಲ್ಲಿ ಅವನಿಗೆ ತೀವ್ರ ಮಾನಸಿಕ ಆಘಾತವಾಯಿತು. ಅಲ್ಲಿಂದ ಮುಂದೆ ಅವನು ಊರೂರು ತಿರುಗುವುದನ್ನು ಬಿಟ್ಟು ಸ್ಟುಡಿಯೋದಲ್ಲೇ ಉಳಿದ. ತಂಡ ಹೊರಗೆ ಕಛೇರಿ ಕೊಡುವುದು, ಬ್ರಯಾನ್ ಒಳಗೆ ಕೂತು ಹೊಸ ಹಾಡಿನ ವಾದ್ಯಭಾಗವನ್ನು ಲಾಸ್ ಏಂಜಲಿಸಿನ ನುರಿತ ಸ್ಟುಡಿಯೋ ವಾದಕರಿಂದ ನುಡಿಸಿಟ್ಟಿರುವುದು, ಅವರು ಮರಳಿದ ಮೇಲೆ ದನಿ ಸೇರಿಸುವುದು. ಹೀಗೊಂದು ಏರ್ಪಾಡು.

ಆ ಏರ್ಪಾಡಿನಿಂದ 1966ರ ಮೇ 16ರಂದು 'ಪೆಟ್ ಸೌಂಡ್ಸ್' ಹೊರಬಂತು. ಅಷ್ಟು ಹೊತ್ತಿಗೆ 'ಆಲ್ಬಮ್' ಎಂಬ ಮಾತಿನ ಅರ್ಥವೇ ಬದಲಾಗತೊಡಗಿತ್ತು. ಅಲ್ಲಿಯವರೆಗೆ ಪಾಪ್ ಸಂಗೀತದಲ್ಲಿ ಎಲ್‌ಪಿ ಎಂದರೆ ಒಂದೆರಡು ಜನಪ್ರಿಯ ಹಾಡು, ಉಳಿದದ್ದು ಜಾಗ ತುಂಬುವ ಸರಕು. ಬೀಟಲ್ಸ್ ತಂಡದ 'ರಬ್ಬರ್ ಸೋಲ್' ಕೇಳಿದ ಬ್ರಯಾನನಿಗೆ, ಒಂದೂ ಸೊಪ್ಪೆಯಿಲ್ಲದೆ ಇಡೀ ರೆಕಾರ್ಡನ್ನು ಒಂದೇ ಕೃತಿಯಾಗಿ ಕಟ್ಟಬಹುದು ಎಂಬುದು ಹೊಳೆಯಿತು. 'ಪೆಟ್ ಸೌಂಡ್ಸ್'ಗೆ ಇಂಗ್ಲೆಂಡಿನಲ್ಲಿ ಎರಡನೆಯ ಸ್ಥಾನ ಸಿಕ್ಕಿತು. ಸ್ವಂತ ದೇಶದಲ್ಲಿ ಹತ್ತನೆಯದು. ಕ್ಯಾಪಿಟಲ್ ಕಂಪನಿಗೆ ಅದರ ಮೇಲೆ ಎಷ್ಟು ನಂಬಿಕೆ ಇತ್ತೆಂದರೆ, ಎರಡು ತಿಂಗಳು ತುಂಬುವ ಮೊದಲೇ ಹಳೆಯ ಹಿಟ್ ಹಾಡುಗಳ ಸಂಗ್ರಹವೊಂದನ್ನು ಮಾರುಕಟ್ಟೆಗೆ ಬಿಟ್ಟಿತು!

ಮುಂದಿನದು ಒಂದೇ ಒಂದು ಹಾಡು, 'ಗುಡ್ ವೈಬ್ರೇಷನ್ಸ್'. ಮೂರೂವರೆ ನಿಮಿಷದ ಈ ಹಾಡಿನ ರೆಕಾರ್ಡಿಂಗ್ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ, ನಾಲ್ಕು ಬೇರೆ ಬೇರೆ ಸ್ಟುಡಿಯೋಗಳಲ್ಲಿ ನಡೆಯಿತು. ಇಲ್ಲಿ ಕೆಲಸದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಮುಂದಿನ ಕತೆಯೆಲ್ಲ ಇದರ ಮೇಲೆ ನಿಂತಿದೆ. ಆಗಿನ ರೂಢಿಯಲ್ಲಿ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಗೇ ನುಡಿಸಿ ಟೇಪಿಗೆ ಇಳಿಸುತ್ತಿದ್ದರು. ಬ್ರಯಾನ್ ಅದನ್ನು ಬಿಟ್ಟು ಹಾಡನ್ನು ತುಂಡು ತುಂಡಾಗಿ ಮುದ್ರಿಸಿಕೊಂಡ. ಒಂದೊಂದು ತುಂಡು ಅರ್ಧ ನಿಮಿಷದ್ದೋ ಒಂದು ನಿಮಿಷದ್ದೋ ಇರುತ್ತಿತ್ತು. ಒಂದು ತುಂಡನ್ನು ಒಂದು ಸ್ಟುಡಿಯೋದ ಗುಂಗಿನಲ್ಲಿ, ಇನ್ನೊಂದನ್ನು ಇನ್ನೊಂದರ ಗುಂಗಿನಲ್ಲಿ. ಆಮೇಲೆ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಯಾವ ತುಂಡಿನ ಮುಂದೆ ಯಾವುದು ಬಂದರೆ ಚೆಂದ ಎಂದು ನೋಡಿ ಅಂಟಿಸುವುದು. ಸಿನಿಮಾ ಸಂಕಲನಕಾರ ಫಿಲ್ಮಿಗೆ ಮಾಡುವ ಕೆಲಸವನ್ನು ಇವನು ಸಂಗೀತಕ್ಕೆ ಮಾಡಿದ. ಅಕ್ಟೋಬರ್ 10ರಂದು ಬಿಡುಗಡೆಯಾದ ಹಾಡು ಅಟ್ಲಾಂಟಿಕ್ಕಿನ ಎರಡೂ ದಡಗಳಲ್ಲಿ ಮೊದಲ ಸ್ಥಾನಕ್ಕೇರಿತು.

ಒಂದು ಹಾಡಿಗೆ ಹೀಗಾದರೆ, ಇದೇ ರೀತಿಯಲ್ಲಿ ಇಡೀ ಆಲ್ಬಮ್ ಕಟ್ಟಿದರೆ? 'ಸ್ಮೈಲ್' ಹುಟ್ಟಿದ್ದು ಈ ಪ್ರಶ್ನೆಯಿಂದ. ಸಾಹಿತ್ಯಕ್ಕೆ ಬ್ರಯಾನ್ ಆರಿಸಿಕೊಂಡದ್ದು ವ್ಯಾನ್ ಡೈಕ್ ಪಾರ್ಕ್ಸ್ ಎಂಬ ಯುವಕನನ್ನು. ಶ್ಲೇಷೆ, ಒಳಪ್ರಾಸ, ಪದಗಳ ಚೆಲ್ಲಾಟದಲ್ಲಿ ಆಸಕ್ತಿಯಿದ್ದ ಕವಿ. ಪ್ಲಿಮತ್ ಬಂಡೆಯ ಬಳಿ ಬಂದಿಳಿದ ವಲಸಿಗರಿಂದ ಹಿಡಿದು ಪಶ್ಚಿಮದ ಗಡಿನಾಡು, ರೈಲುಹಾದಿ, ಕೊನೆಗೆ ಹವಾಯಿ ದ್ವೀಪದವರೆಗೆ ಅಮೆರಿಕದ ಚರಿತ್ರೆಯನ್ನೇ ನಗುತ್ತ, ಕೆಣಕುತ್ತ ಹಾಡುವುದು ಇಬ್ಬರ ಕಲ್ಪನೆ. ಜೊತೆಗೆ ಬಾಲ್ಯದ ಬಗ್ಗೆ ಕೆಲವು ಹಾಡು, ನಾಲ್ಕು ಭೂತತತ್ತ್ವಗಳ ಬಗ್ಗೆ ಒಂದು. ದೇವರಿಗೆ ಅರ್ಪಿಸುವ ಹದಿಹರೆಯದ ಸಿಂಫನಿ ಎಂದು ಬ್ರಯಾನ್ ಇದನ್ನು ಬಣ್ಣಿಸುತ್ತಿದ್ದ. ಆಗ ಅವನಿಗೆ 24 ವರ್ಷ.

ಈಗ ಅಭಿಮಾನಿಗಳ ವಿಷಯಕ್ಕೆ ಬರೋಣ. ಈ ಆಲ್ಬಮ್ಮಿನ ಸುತ್ತ ಎದ್ದ ಉತ್ಸಾಹ ತಾನೇ ತಾನಾಗಿ ಎದ್ದದ್ದಲ್ಲ. ಹಿಂದೆ ಬೀಟಲ್ಸ್ ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದ ಡೆರೆಕ್ ಟೇಲರ್ ಎಂಬ ಇಂಗ್ಲಿಷ್ ಪತ್ರಕರ್ತ ಈಗ ಬೀಚ್ ಬಾಯ್ಸ್ ಪ್ರಚಾರಕನಾಗಿದ್ದ. ಬ್ರಯಾನ್ ವಿಲ್ಸನ್ ಒಬ್ಬ ಪ್ರತಿಭಾವಂತ ಮಾತ್ರವಲ್ಲ, 'ಜೀನಿಯಸ್' ಎಂಬ ಮಾತನ್ನು ಪತ್ರಿಕೆಗಳಲ್ಲಿ ಬಿತ್ತಿದವನು ಅವನೇ. ಪತ್ರಕರ್ತರಿಗೆ ಬ್ರಯಾನನ ಮನೆಯ ಬಾಗಿಲು ತೆರೆಯಿತು. ಊಟದ ಕೋಣೆಯಲ್ಲಿ ಮರಳು ತುಂಬಿಸಿ ಅದರ ಮೇಲೆ ಪಿಯಾನೋ ಇಟ್ಟಿದ್ದನ್ನು, ಮನೆಯೊಳಗೆ ಡೇರೆ ಹಾಕಿಸಿದ್ದನ್ನು ಅವರು ಕಣ್ಣರಳಿಸಿ ಬರೆದರು. ಲಂಡನ್ನಿನ ವಾರಪತ್ರಿಕೆಗಳು ಮುಂಬರುವ ಆಲ್ಬಮ್ಮಿನ ಸುದ್ದಿಯನ್ನು ಪ್ರಕಟಿಸುತ್ತ ಹೋದವು. 1966ರ ಕೊನೆಗೆ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಓದುಗರ ಮತದಾನದಲ್ಲಿ ಜಗತ್ತಿನ ಅತ್ಯುತ್ತಮ ಗಾಯನ ತಂಡವಾಗಿ ಆಯ್ಕೆಯಾದದ್ದು ಬೀಚ್ ಬಾಯ್ಸ್. ಬೀಟಲ್ಸ್ ಎರಡನೆಯ ಸ್ಥಾನಕ್ಕೆ ಇಳಿಯಿತು, ಅದೂ ಅವರದೇ ನೆಲದಲ್ಲಿ.

ಪ್ರಚಾರಕನೊಬ್ಬ ಊದಿದ ಬಲೂನು ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಆ ಹೊತ್ತಿಗೆ ಕೇಳುಗರಲ್ಲೇ ಒಂದು ಪಲ್ಲಟ ನಡೆದಿತ್ತು. 1966ರ ಆರಂಭದಲ್ಲಿ ಪಾಲ್ ವಿಲಿಯಮ್ಸ್ ಎಂಬ 17 ವರ್ಷದ ಕಾಲೇಜು ವಿದ್ಯಾರ್ಥಿ 'ಕ್ರಾಡ್ಯಾಡಿ' ಎಂಬ ಪುಟ್ಟ ಪತ್ರಿಕೆ ಹೊರಡಿಸಿದ. ರಾಕ್ ಸಂಗೀತವನ್ನು ಸಾಹಿತ್ಯ ಕೃತಿಯಂತೆ ಕೂತು ಚರ್ಚಿಸುವ ಪತ್ರಿಕೆ. ಎರಡು ವರ್ಷದ ಹಿಂದೆ ಸಭಾಂಗಣದಲ್ಲಿ ಕಿರುಚುತ್ತಿದ್ದ ಅಭಿಮಾನಿ ಈಗ ಕೋಣೆಯಲ್ಲಿ ಕೂತು ರೆಕಾರ್ಡಿನ ಹೊದಿಕೆ ಓದುತ್ತಿದ್ದ, ಸಾಲುಗಳ ಅರ್ಥ ಬಿಡಿಸುತ್ತಿದ್ದ, ಮುಂದಿನ ರೆಕಾರ್ಡ್ ಹೇಗಿರಬಹುದೆಂದು ವಾದಿಸುತ್ತಿದ್ದ. ಕಿರುಚುವ ಅಭಿಮಾನಿಗೆ ಬೇಕಾದದ್ದು ಆ ಕ್ಷಣದ ಹಾಡು, ಕಣ್ಣೆದುರಿನ ಗಾಯಕ. ಓದುವ ಅಭಿಮಾನಿಗೆ ಬೇಕಾದದ್ದು ಇನ್ನೂ ಬಾರದಿರುವುದು. ಈ ಎರಡನೆಯ ಬಗೆಯ ಅಭಿಮಾನಿಗೆ ಸಿಕ್ಕ ಮೊದಲ ದೊಡ್ಡ ವಿಷಯ 'ಸ್ಮೈಲ್'. (ಮುಂದಿನ ಭಾಗಕ್ಕಾಗಿ ವರ್ಷಗಟ್ಟಲೆ ಕಾಯುತ್ತ, ಟೀಸರಿನ ಒಂದೊಂದು ದೃಶ್ಯವನ್ನೂ ನಿಲ್ಲಿಸಿ ನಿಲ್ಲಿಸಿ ನೋಡುವ ನಮ್ಮ ಕಾಲದ ಸಿನಿಮಾ ಪ್ರೇಕ್ಷಕನ ಹಿರಿಯಣ್ಣ ಇವನೇ ಇರಬೇಕು.)

ಸ್ಟುಡಿಯೋದಲ್ಲಿ ಏನಾಗುತ್ತಿತ್ತು? ನವೆಂಬರ್ 28ರಂದು ಬೆಂಕಿಯ ಬಗೆಗಿನ ವಾದ್ಯಸಂಗೀತದ ರೆಕಾರ್ಡಿಂಗ್. ವಾದಕರೆಲ್ಲರೂ ಅಗ್ನಿಶಾಮಕ ದಳದವರ ಆಟಿಕೆ ಟೋಪಿ ಹಾಕಿಕೊಳ್ಳಬೇಕೆಂದು ಬ್ರಯಾನ್ ಹೇಳಿದ. ಹೊಗೆಯ ವಾಸನೆ ಬರಲೆಂದು ಬಕೆಟ್ಟಿನಲ್ಲಿ ಕಟ್ಟಿಗೆ ಉರಿಸಿದರು. ಪಿಟೀಲುಗಳು ಸೈರನ್ನಿನಂತೆ ಊಳಿಡುವ, ಇವತ್ತು ಕೇಳಿದರೂ ಮೈ ಜುಮ್ಮೆನ್ನಿಸುವ ಸಂಗೀತ ಅದು. ಕೆಲವೇ ದಿನಗಳಲ್ಲಿ ಸ್ಟುಡಿಯೋದ ಸಮೀಪದ ಕಟ್ಟಡಕ್ಕೆ ಬೆಂಕಿ ಬಿತ್ತು. ತನ್ನ ಸಂಗೀತವೇ ಆ ಬೆಂಕಿ ತಂದಿತೆಂಬ ಭಯ ಬ್ರಯಾನನನ್ನು ಹಿಡಿಯಿತು. ಆ ಟೇಪುಗಳನ್ನು ಸುಟ್ಟುಹಾಕಿದೆ ಎಂದು ಆಮೇಲೆ ಅವನೇ ಹೇಳಿಕೊಂಡ. ಟೇಪುಗಳು ಸುಟ್ಟಿರಲಿಲ್ಲ. ಆದರೆ ಮಾದಕವಸ್ತುಗಳ ಬಳಕೆ, ಹೆಚ್ಚುತ್ತಿದ್ದ ಮನೋವ್ಯಾಧಿ ಸೇರಿ ಅವನ ಆತ್ಮವಿಶ್ವಾಸವನ್ನು ತಿನ್ನುತ್ತಿದ್ದವು.

ಕಛೇರಿಗಳನ್ನು ಮುಗಿಸಿ ಬಂದ ತಂಡದವರಿಗೆ ಈ ಹೊಸ ಹಾಡುಗಳು ಗೊಂದಲ ಹುಟ್ಟಿಸಿದವು. ಒಂದು ಸಾಲಿನ ಅರ್ಥ ಹೇಳು ಎಂದು ಮೈಕ್ ಲವ್ ಪಾರ್ಕ್ಸ್‌ನನ್ನು ನೇರವಾಗಿ ಕೇಳಿದ್ದು, ನನಗೂ ಗೊತ್ತಿಲ್ಲ ಎಂಬ ಧಾಟಿಯಲ್ಲಿ ಪಾರ್ಕ್ಸ್ ಉತ್ತರಿಸಿದ್ದು ಪ್ರಸಿದ್ಧ ಪ್ರಸಂಗ. 1967ರ ಆರಂಭದಲ್ಲಿ ಪಾರ್ಕ್ಸ್ ದೂರ ಸರಿದ. ಫೆಬ್ರವರಿಯಲ್ಲಿ ತಂಡ ರಾಯಧನದ ಬಾಕಿಗಾಗಿ ಕ್ಯಾಪಿಟಲ್ ಮೇಲೆ ದಾವೆ ಹೂಡಿತು. ವಿಯೆಟ್ನಾಂ ಯುದ್ಧದ ಕಡ್ಡಾಯ ಸೇನಾ ಸೇವೆಗೆ ಒಪ್ಪದ ಕಾರ್ಲ್ ಮೇಲೆ ಸರ್ಕಾರವೇ ಮೊಕದ್ದಮೆ ಹಾಕಿತ್ತು.

ಅಭಿಮಾನಿಗಳ ಬಾಯಲ್ಲಿ ಈ ಕತೆಗೆ ಯಾವಾಗಲೂ ಒಬ್ಬ ಖಳನಾಯಕ ಇರುತ್ತಾನೆ. ಕೆಲವರಿಗೆ ಮೈಕ್ ಲವ್, ಕೆಲವರಿಗೆ ಕ್ಯಾಪಿಟಲ್ ಕಂಪನಿ. ಕಾರಿನ ರೇಡಿಯೋದಲ್ಲಿ ಬೀಟಲ್ಸ್ ತಂಡದ ಹೊಸ ಹಾಡು ಕೇಳಿ, ತಾನು ಮಾಡಬೇಕಿದ್ದದ್ದನ್ನು ಅವರು ಮಾಡಿಬಿಟ್ಟರೆಂದು ಬ್ರಯಾನ್ ಕುಸಿದ ಎಂಬ ಕತೆಯೂ ಇದೆ. ನನಗೆ ಇವೆಲ್ಲಕ್ಕಿಂತ ಬ್ಲೇಡು ಮತ್ತು ಟೇಪಿನ ಸಮಸ್ಯೆಯೇ ಮುಖ್ಯವಾಗಿ ಕಾಣುತ್ತದೆ. ಒಂದು ಹಾಡಿನ ಏಳೆಂಟು ತುಂಡುಗಳನ್ನು ಜೋಡಿಸುವುದು ಬೇರೆ, ಒಂದರ ತುಂಡು ಇನ್ನೊಂದರಲ್ಲೂ ಹೊಂದುವಂತಿರುವ ಹನ್ನೆರಡು ಹಾಡುಗಳನ್ನು ಜೋಡಿಸುವುದು ಬೇರೆ. ಸಾಧ್ಯತೆಗಳು ಒಂದಕ್ಕೆ ಹತ್ತಾಗಿ ಬೆಳೆಯುತ್ತವೆ. ಪ್ರತಿ ಪ್ರಯೋಗಕ್ಕೂ ಟೇಪನ್ನು ಕತ್ತರಿಸಬೇಕು ಅಥವಾ ನಕಲು ತೆಗೆಯಬೇಕು. 'ಹೀರೋಸ್ ಅಂಡ್ ವಿಲನ್ಸ್' ಎಂಬ ಒಂದು ಹಾಡಿನ ಮೇಲೇ ಅವನು ತಿಂಗಳುಗಟ್ಟಲೆ ಸುತ್ತಿದ. ಅದರ ಮೇಲೆ, ಕಾಯುತ್ತಿರುವವರಿಗೆ ಈಗಾಗಲೇ 'ಜೀನಿಯಸ್'ನ ಮಹಾಕೃತಿ ಎಂದು ಹೇಳಿಯಾಗಿತ್ತು. ಯಾವ ಜೋಡಣೆಯೂ ಆ ಮಾತಿನ ಎತ್ತರಕ್ಕೆ ಏರುವಂತಿರಲಿಲ್ಲ. ಮೊದಲು ಡಿಸೆಂಬರ್ ಎಂದಿದ್ದ ದಿನಾಂಕ ಜನವರಿಗೆ, ಅಲ್ಲಿಂದ ಮುಂದಕ್ಕೆ ಜಾರುತ್ತ ಹೋಯಿತು. ದಿನಾಂಕ ಜಾರಿದಷ್ಟೂ ನಿರೀಕ್ಷೆ ಬೆಳೆಯಿತು, ನಿರೀಕ್ಷೆ ಬೆಳೆದಷ್ಟೂ ಕೆಲಸ ಮುಗಿಸುವುದು ಕಷ್ಟವಾಯಿತು.

1967ರ ಏಪ್ರಿಲ್ 25ರ ರಾತ್ರಿ ಸಿಬಿಎಸ್ ದೂರದರ್ಶನ ರಾಕ್ ಸಂಗೀತದ ಬಗ್ಗೆ ಒಂದು ಕಾರ್ಯಕ್ರಮ ಪ್ರಸಾರ ಮಾಡಿತು. ನಿರೂಪಕ, ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ಕಿನ ಖ್ಯಾತ ಸಂಗೀತ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೀನ್. ಶಾಸ್ತ್ರೀಯ ಸಂಗೀತದ ದೊಡ್ಡ ಹೆಸರೊಂದು ಹುಡುಗರ ಹಾಡುಗಳನ್ನು ಗಂಭೀರವಾಗಿ ಪರಿಶೀಲಿಸಿದ್ದೇ ಆಗ ದೊಡ್ಡ ಸುದ್ದಿ. ಅದರಲ್ಲಿ ಬ್ರಯಾನ್ ಒಬ್ಬನೇ ಪಿಯಾನೋ ಮುಂದೆ ಕೂತು 'ಸ್ಮೈಲ್'ನ 'ಸರ್ಫ್ಸ್ ಅಪ್' ಹಾಡಿದ. ಹಿಂದಿನ ಡಿಸೆಂಬರಿನಲ್ಲಿ ಚಿತ್ರೀಕರಿಸಿದ್ದ ದೃಶ್ಯ ಅದು. ನೋಡಿದವರಿಗೆ ಆಲ್ಬಮ್ ಇನ್ನೇನು ಬಂದೇಬಿಟ್ಟಿತು ಎನಿಸಿರಬೇಕು. ಹನ್ನೊಂದು ದಿನ ಕಳೆದಿರಲಿಲ್ಲ, ಮೇ 6ರ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಡೆರೆಕ್ ಟೇಲರ್ ಬರೆದ: 'ಸ್ಮೈಲ್' ಕೈಬಿಡಲಾಗಿದೆ. ಬಲೂನು ಊದಿದವನೇ ಸೂಜಿಯನ್ನೂ ಚುಚ್ಚಬೇಕಾಯಿತು.

ಆ ತಿಂಗಳ ಕೊನೆಗೆ ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್' ಬಂತು. ರಾಕ್ ಆಲ್ಬಮ್ಮನ್ನು ಕಲೆಯೆಂದು ಜಗತ್ತು ಒಪ್ಪಿದ ಗಳಿಗೆಯೆಂದು ಇತಿಹಾಸದ ಪುಸ್ತಕಗಳು ಗುರುತಿಸುವುದು ಅದನ್ನೇ. ಜೂನಿನ ಮಾಂಟೆರೇ ಪಾಪ್ ಉತ್ಸವದಿಂದ ಬೀಚ್ ಬಾಯ್ಸ್ ಹಿಂದೆ ಸರಿದರು. ಸೆಪ್ಟೆಂಬರ್ 18ರಂದು 'ಸ್ಮೈಲಿ ಸ್ಮೈಲ್' ಎಂಬ ಬದಲಿ ಆಲ್ಬಮ್ ಬಂತು. ಬಹುಮಟ್ಟಿಗೆ ಬ್ರಯಾನನ ಮನೆಯಲ್ಲೇ ಮುದ್ರಿಸಿದ, ಅರೆಬರೆ, ವಿಚಿತ್ರ, ಆತ್ಮೀಯ ರೆಕಾರ್ಡ್. ಅಮೆರಿಕದಲ್ಲಿ ಅದು 41ನೆಯ ಸ್ಥಾನ ದಾಟಲಿಲ್ಲ. ನನಗೆ ವೈಯಕ್ತಿಕವಾಗಿ ಅದು ಇಷ್ಟ. ಆದರೆ ಅರಮನೆಯ ಗೃಹಪ್ರವೇಶಕ್ಕೆಂದು ಬಂದವರನ್ನು ಹಿತ್ತಲಿನ ಗುಡಿಸಲಲ್ಲಿ ಕೂರಿಸಿದರೆ ಗುಡಿಸಲಿನ ಚೆಂದ ಯಾರ ಕಣ್ಣಿಗೆ ಬೀಳುತ್ತದೆ?

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯದಿರಲು ಒಂದು ಲೇಖನ ಕಾರಣ. ಜೂಲ್ಸ್ ಸೀಗಲ್ ಎಂಬ ಪತ್ರಕರ್ತ 1966ರ ಕೊನೆಯ ತಿಂಗಳುಗಳನ್ನು ಬ್ರಯಾನನ ಒಡನಾಟದಲ್ಲಿ ಕಳೆದಿದ್ದ. ಅವನ ದೀರ್ಘ ಬರಹ 'ಚೀತಾ' ಎಂಬ ಪತ್ರಿಕೆಯಲ್ಲಿ ಪ್ರಕಟವಾದದ್ದು 1967ರ ಅಕ್ಟೋಬರಿನಲ್ಲಿ, ಅಂದರೆ ಬದಲಿ ಆಲ್ಬಮ್ ಬಂದು ಸೋತ ಮೇಲೆ. ಬೆಂಕಿಯ ರಾತ್ರಿ, ಟೋಪಿಗಳು, ಭಯ ಎಲ್ಲವೂ ಅದರಲ್ಲಿದ್ದವು. ಓದುಗರ ಕೈಗೆ ಸಂಗೀತ ಸಿಗಲಿಲ್ಲ, ಸಂಗೀತದ ವರ್ಣನೆ ಸಿಕ್ಕಿತು. 'ಕ್ರಾಡ್ಯಾಡಿ'ಯಲ್ಲೂ ಪಾಲ್ ವಿಲಿಯಮ್ಸ್, ಬ್ರಯಾನನ ಒಡನಾಡಿಯಾಗಿದ್ದ ಡೇವಿಡ್ ಆಂಡರ್ಲೆ ಜೊತೆ ನಡೆಸಿದ ಉದ್ದನೆಯ ಸಂವಾದ ಬಂತು. ಕೇಳಲಾಗದ ಆಲ್ಬಮ್ಮೊಂದು ಓದಬಹುದಾದ ಆಲ್ಬಮ್ಮಾಯಿತು.

ಹಳಗನ್ನಡದ ಪಠ್ಯಗಳ ನಡುವೆ ದಿನ ಕಳೆಯುವ ನನ್ನಂಥವರಿಗೆ ಇಂಥ ಸ್ಥಿತಿ ಹೊಸದಲ್ಲ. ಒಂದನೆಯ ಗುಣವರ್ಮನ 'ಶೂದ್ರಕ' ನಮಗೆ ಸಿಕ್ಕಿಲ್ಲ. ನಂತರದವರು ಎತ್ತಿಕೊಂಡ ಬಿಡಿಪದ್ಯಗಳಿಂದ ಅದರ ರೂಪವನ್ನು ಊಹಿಸುತ್ತೇವೆ. ಅಲ್ಲಿ ಕಾಲ, ಗೆದ್ದಲು, ಬೆಂಕಿ ಕೃತಿಯನ್ನು ಕಳೆದುಹಾಕಿವೆ. 'ಸ್ಮೈಲ್' ಹಾಗೆ ಕಳೆದದ್ದಲ್ಲ. ಅದರ ತುಂಡುಗಳು ಲಾಸ್ ಏಂಜಲಿಸಿನ ಕಪಾಟುಗಳಲ್ಲಿ ಭದ್ರವಾಗಿಯೇ ಇದ್ದವು. ಇಲ್ಲದಿದ್ದದ್ದು ಅನುಕ್ರಮ.

ತುಂಡುಗಳು ಒಂದೊಂದಾಗಿ ಹೊರಬರತೊಡಗಿದವು. 1969ರ ಆಲ್ಬಮ್ಮಿನಲ್ಲಿ ಎರಡು ಹಾಡು, 1971ರದರಲ್ಲಿ 'ಸರ್ಫ್ಸ್ ಅಪ್'. 1972ರಲ್ಲಿ ಇಡೀ 'ಸ್ಮೈಲ್' ಬರುತ್ತದೆಂದು ಕಾರ್ಲ್ ಹೇಳಿದ, ಬರಲಿಲ್ಲ. 1978ರಲ್ಲಿ ಡೇವಿಡ್ ಲೀಫ್ ಬರೆದ ತಂಡದ ಚರಿತ್ರೆಯಿಂದ ಹೊಸ ತಲೆಮಾರಿಗೂ ಈ ಕತೆ ತಲುಪಿತು. 1980ರ ದಶಕದಲ್ಲಿ ನಿಜವಾದ ಟೇಪುಗಳ ಕಳ್ಳ ನಕಲುಗಳು ಅಭಿಮಾನಿಗಳ ಕೈ ಸೇರಿದವು. ನಕಲಿನ ನಕಲಿನ ನಕಲು. ಪ್ರತಿ ಸಲವೂ ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದು ಒಂದು ಪದರ ಹೆಚ್ಚಾಗಿ, ಸಂಗೀತ ಒಂದು ಪದರ ಮಸುಕಾಗಿ. ಓಲೆಗರಿಗಳನ್ನು ಪ್ರತಿ ಮಾಡಿದವರ ಕೈತಪ್ಪುಗಳ ಹಾಗೆ, ಯಾವ ದೋಷ ಯಾವ ನಕಲಿನಲ್ಲಿದೆ ಎಂಬುದರಿಂದ ಅದರ ವಂಶಾವಳಿಯನ್ನೇ ಗುರುತಿಸುವವರು ಹುಟ್ಟಿಕೊಂಡರು. 1988ರಲ್ಲಿ ಡೊಮೆನಿಕ್ ಪ್ರಿಯೋರ್ 'ಸ್ಮೈಲ್' ಬಗೆಗಿನ ಹಳೆಯ ಪತ್ರಿಕಾ ತುಣುಕು, ಜಾಹೀರಾತು, ದಾಖಲೆಗಳನ್ನೆಲ್ಲ ಸೇರಿಸಿ ಒಂದು ದಪ್ಪ ಪುಸ್ತಕ ತಂದ. ಕೇಳುಗರು ಸಂಶೋಧಕರಾದರು, ಸಂಶೋಧಕರು ಸಂಪಾದಕರಾದರು. ಕ್ಯಾಸೆಟ್ ರೆಕಾರ್ಡರ್ ಇದ್ದವರು ತಮ್ಮದೇ ಅನುಕ್ರಮದಲ್ಲಿ ತಮ್ಮದೇ 'ಸ್ಮೈಲ್' ಜೋಡಿಸಿಕೊಂಡರು.

ಚರ್ಚೆಗಳ ಸೂಕ್ಷ್ಮಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹೊದಿಕೆಯ ಮೇಲಿನ ಹನ್ನೆರಡು ಹೆಸರುಗಳಲ್ಲಿ 'ದಿ ಎಲಿಮೆಂಟ್ಸ್' ಎಂಬುದೊಂದು. ಅಗ್ನಿ, ಜಲ, ವಾಯು, ಪೃಥ್ವಿ ಎಂಬ ನಾಲ್ಕು ಭಾಗಗಳ ರಚನೆ ಅದೆಂದು ಎಲ್ಲರೂ ಒಪ್ಪುತ್ತಾರೆ. ಅಗ್ನಿ ಯಾವುದೆಂದು ಗೊತ್ತು. ವಾಯು? ಗಾಳಿಗೆ ಕಿಣಿಕಿಣಿ ಎನ್ನುವ ಗಂಟೆಗಳ ಬಗ್ಗೆ 'ವಿಂಡ್ ಚೈಮ್ಸ್' ಎಂಬ ಹಾಡಿದೆ. ಅದೇ ವಾಯು, ತರಕಾರಿಗಳ ಬಗೆಗಿನ 'ವೆಜಿಟೇಬಲ್ಸ್' ಪೃಥ್ವಿ ಎಂದು ಒಂದು ಪಂಥ. ಹಾಗಾದರೆ ಅವೆರಡೂ ಪಟ್ಟಿಯಲ್ಲಿ ಬೇರೆ ಹಾಡುಗಳಾಗಿ ಏಕಿವೆ ಎಂದು ಇನ್ನೊಂದು ಪಂಥ. ಆ ಪಟ್ಟಿಯನ್ನೇ ನಂಬಬೇಡಿ, ಕಂಪನಿಗೆ ಕೊಟ್ಟ ಚೀಟಿ ಬ್ರಯಾನನ ಕೈಬರಹದ್ದಲ್ಲ ಎಂದು ಮೂರನೆಯದು. ಮೂಲಪ್ರತಿಯ ಪ್ರಾಮಾಣ್ಯ, ಪ್ರಕ್ಷೇಪ, ಕರ್ತೃವಿನ ಇಂಗಿತ. ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಬಾಯಿಪಾಠ ಮಾಡುವ ಸಮಸ್ಯೆಗಳನ್ನೆಲ್ಲ ಇವರು ಯಾರ ಹಂಗೂ ಇಲ್ಲದೆ, ಪ್ರೀತಿಯ ಒತ್ತಾಯದಿಂದಲೇ ಕಂಡುಕೊಂಡಿದ್ದರು. ಆದರೆ ನಮ್ಮ ಕವಿಗಳು ಸಾವಿರ ವರ್ಷದ ಹಿಂದಿನವರು, ಕೇಳಲಾಗದು. ಇವರ ಕವಿ ಅದೇ ಊರಿನಲ್ಲಿ ಜೀವಂತವಾಗಿದ್ದ. ಕೇಳಿದರೆ ಮಾತು ಬದಲಿಸುತ್ತಿದ್ದ.

ಈ ಉತ್ಸಾಹದಲ್ಲಿ ನನಗೆ ಕಸಿವಿಸಿಯಾಗುವುದು ಇಲ್ಲಿ. ಆ ವರ್ಷಗಳಲ್ಲಿ ಬ್ರಯಾನ್ ವಿಲ್ಸನ್ ತೀವ್ರ ಅಸ್ವಸ್ಥ. ತಿಂಗಳುಗಟ್ಟಲೆ ಕೋಣೆ ಬಿಟ್ಟು ಹೊರಬಾರದವನು. ಆಮೇಲೆ ಯುಜೀನ್ ಲ್ಯಾಂಡಿ ಎಂಬ ಮನಶ್ಶಾಸ್ತ್ರಜ್ಞನ ಹಿಡಿತಕ್ಕೆ ಸಿಕ್ಕಿ, 1992ರಲ್ಲಿ ನ್ಯಾಯಾಲಯದ ಆದೇಶದಿಂದ ಬಿಡುಗಡೆ ಹೊಂದಿದವನು. ಅವನಿಗೆ 'ಸ್ಮೈಲ್' ಎಂಬ ಮಾತು ಒಂದು ಸೋಲಿನ, ಭಯದ ನೆನಪು. ಅಭಿಮಾನಿಗೆ ಅದು ಜಗತ್ತಿನ ಅತ್ಯಂತ ಸುಂದರ ಒಗಟು. ಸಂದರ್ಶನದಿಂದ ಸಂದರ್ಶನಕ್ಕೆ ಅದೇ ಪ್ರಶ್ನೆ: ಯಾವಾಗ ಬರುತ್ತದೆ? ಮುಗಿಯದ ಕೃತಿಗೊಂದು ಅನುಕೂಲವಿದೆ, ಅದು ಯಾರನ್ನೂ ನಿರಾಶೆಗೊಳಿಸುವುದಿಲ್ಲ. ಅದರ ಕರ್ತೃವಿಗೆ ಆ ಅನುಕೂಲ ಇಲ್ಲ. ಒಡೆದುಹೋದ ಪ್ರತಿಭೆಯ ಕತೆಯನ್ನು ಮತ್ತೆ ಮತ್ತೆ ಸವಿಯುವುದರಲ್ಲಿ ಎಷ್ಟು ಪ್ರೀತಿ, ಎಷ್ಟು ಕ್ರೌರ್ಯ ಎಂದು ಬೇರ್ಪಡಿಸುವುದು ಕಷ್ಟ. 1993ರಲ್ಲಿ ಬಂದ ಲೂಯಿಸ್ ಶೈನರ್‌ನ 'ಗ್ಲಿಂಪ್ಸಸ್' ಕಾದಂಬರಿಯ ನಾಯಕ 1966ಕ್ಕೆ ಕಾಲಪಯಣ ಮಾಡಿ ಬ್ರಯಾನನ ಪಕ್ಕ ನಿಂತು ಆಲ್ಬಮ್ ಮುಗಿಸಲು ನೆರವಾಗುತ್ತಾನೆ. ಅಭಿಮಾನಿಯ ಆಸೆ ಅಲ್ಲಿ ಬೆತ್ತಲಾಗಿದೆ: ನಾನು ಅಲ್ಲಿದ್ದಿದ್ದರೆ!

ಅದೇ ವರ್ಷ ಕಂಪನಿ ತನ್ನ ಸಂಗ್ರಹವೊಂದರಲ್ಲಿ ಸುಮಾರು ಅರ್ಧ ಗಂಟೆಯಷ್ಟು 'ಸ್ಮೈಲ್' ತುಂಡುಗಳನ್ನು ಅಧಿಕೃತವಾಗಿ ಹೊರಬಿಟ್ಟಿತು. 1990ರ ದಶಕದ ಕೊನೆಗೆ ಬ್ರಯಾನ್ ವೇದಿಕೆಗೆ ಮರಳಿದಾಗ ಅವನ ಬೆನ್ನಿಗೆ ನಿಂತ ವಾದಕರಲ್ಲಿ ಈ ಸಂಗೀತವನ್ನು ಕೇಳಿ ಬೆಳೆದ ಹೊಸ ತಲೆಮಾರಿನವರಿದ್ದರು. ಅವರಲ್ಲೊಬ್ಬ ಡೇರಿಯನ್ ಸಹನಾಜಾ. 2003ರಲ್ಲಿ ಆತ ಹಳೆಯ ತುಂಡುಗಳನ್ನೆಲ್ಲ ಲ್ಯಾಪ್‌ಟಾಪಿಗೆ ತುಂಬಿಕೊಂಡು ಬ್ರಯಾನನ ಮನೆಗೆ ಹೋದ. ಬ್ಲೇಡಿನ ಕಾಲ ಮುಗಿದಿತ್ತು. ಈಗ ಹತ್ತು ಜೋಡಣೆಗಳನ್ನು ಹತ್ತು ನಿಮಿಷದಲ್ಲಿ ಕೇಳಿ ನೋಡಬಹುದಿತ್ತು, ಯಾವುದೂ ಹಾಳಾಗದೆ. ಒಂದು ಪದ ಅರ್ಥವಾಗದಾದಾಗ ಬ್ರಯಾನ್ ವ್ಯಾನ್ ಡೈಕ್ ಪಾರ್ಕ್ಸ್‌ಗೆ ಫೋನ್ ಮಾಡಿದ. ಮೂವತ್ತಾರು ವರ್ಷದ ಹಿಂದೆ ನಿಂತ ಕೆಲಸಕ್ಕೆ ಪಾರ್ಕ್ಸ್ ಮರಳಿ ಬಂದು, ಬಿಟ್ಟುಹೋಗಿದ್ದ ಕಡೆ ಹೊಸ ಸಾಲು ಬರೆದುಕೊಟ್ಟ.

2004ರ ಫೆಬ್ರವರಿ 20ರಂದು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ 61 ವರ್ಷದ ಬ್ರಯಾನ್ ಇಡೀ 'ಸ್ಮೈಲ್' ಹಾಡಿದ. ಡೇವಿಡ್ ಲೀಫ್ ತೆಗೆದ ಸಾಕ್ಷ್ಯಚಿತ್ರದಲ್ಲಿ ಆ ಮುನ್ನಾ ದಿನಗಳ ತಾಲೀಮು ಇದೆ. ಎಲ್ಲರೂ ಸಡಗರದಲ್ಲಿರುವಾಗ ಭಯದಿಂದ ಮುಖ ಬಿಗಿದುಕೊಂಡು ಕೂತ ಬ್ರಯಾನನನ್ನು ಅದರಲ್ಲಿ ನೋಡಿದರೆ ಮೇಲೆ ಹೇಳಿದ ಕಸಿವಿಸಿ ಇನ್ನಷ್ಟಾಗುತ್ತದೆ. ಕಾರ್ಯಕ್ರಮ ಮುಗಿದಾಗ ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಇದ್ದರು. ಸೆಪ್ಟೆಂಬರಿನಲ್ಲಿ ಆ ಜೋಡಣೆ ಹೊಸ ವಾದಕರೊಡನೆ, ಹೊಸದಾಗಿ ಹಾಡಿದ ಆಲ್ಬಮ್ಮಾಗಿ ಬಂತು. ಮರುವರ್ಷ ಅವನಿಗೆ ಸಿಕ್ಕ ಮೊಟ್ಟಮೊದಲ ಗ್ರ್ಯಾಮಿ ಪ್ರಶಸ್ತಿ ಆ ಬೆಂಕಿಯ ಸಂಗೀತಕ್ಕೆ. ಸುಟ್ಟುಹಾಕಿದೆ ಎಂದು ಹೇಳಿಕೊಂಡಿದ್ದನಲ್ಲ, ಅದೇ.

ಎಲ್ಲರಿಗೂ ತೃಪ್ತಿಯಾಯಿತೇ? ಇಲ್ಲ. ಇದು ಮುದುಕನ 'ಸ್ಮೈಲ್', 24ರ ಹುಡುಗನದಲ್ಲ ಎಂದವರಿದ್ದರು. ಡೆನ್ನಿಸ್ 1983ರಲ್ಲಿ ಸಮುದ್ರದಲ್ಲಿ ಮುಳುಗಿ ತೀರಿಕೊಂಡಿದ್ದ, ಕಾರ್ಲ್ 1998ರಲ್ಲಿ. ಅವರ ದನಿಗಳಿಲ್ಲದ್ದು ಹೇಗೆ 'ಸ್ಮೈಲ್' ಆದೀತು? ಮೂರು ಅಂಕಗಳಾಗಿ ಹಂಚಿದ ಈ ರಚನೆ 1966ರಲ್ಲಿ ಅವನ ಮನಸ್ಸಿನಲ್ಲಿತ್ತೇ, ಎರಡು ಬದಿಯ ಎಲ್‌ಪಿಯಲ್ಲಿ ಮೂರು ಅಂಕ ಹೇಗೆ ಹಿಡಿಯುತ್ತಿತ್ತು ಎಂಬ ಪ್ರಶ್ನೆಗಳೂ ಎದ್ದವು. ನ್ಯಾಯವಾದ ಪ್ರಶ್ನೆಗಳೇ. ಆದರೆ ಎಷ್ಟೋ ಮಂದಿಯ ಬೇಸರದ ಹಿಂದೆ ಇನ್ನೊಂದು ಕಾರಣವೂ ಇದ್ದಿರಬೇಕು. ಅಷ್ಟು ವರ್ಷ ಅವರವರ ಕ್ಯಾಸೆಟ್ಟಿನಲ್ಲಿ ಅವರವರ 'ಸ್ಮೈಲ್' ಇತ್ತು. ಈಗ ಕವಿಯೇ ಬಂದು ಬೇರೊಂದು ಪಾಠ ಹಿಡಿದು ನಿಂತಿದ್ದ.

2011ರ ನವೆಂಬರಿನಲ್ಲಿ ಕ್ಯಾಪಿಟಲ್ ಕಂಪನಿ 1966–67ರ ಮೂಲ ಟೇಪುಗಳನ್ನೇ ಐದು ಸಿಡಿಗಳ ಪೆಟ್ಟಿಗೆಯಾಗಿ ಹೊರತಂದಿತು. ಹೊದಿಕೆಯ ಮೇಲೆ ಮತ್ತೆ ಫ್ರಾಂಕ್ ಹೋಮ್ಸ್‌ನ ನಗುವಿನ ಅಂಗಡಿ. ಮೊದಲ ಸಿಡಿಯಲ್ಲಿ, ಹಾಡುಗಳು ಒಂದರ ಹಿಂದೊಂದು ಜೋಡಿಸಿಕೊಂಡ 'ಸ್ಮೈಲ್'. ಡೆನ್ನಿಸ್ ಮತ್ತು ಕಾರ್ಲ್ ಅದರಲ್ಲಿ ಮತ್ತೆ ಇಪ್ಪತ್ತರ ಆಸುಪಾಸಿನ ಹುಡುಗರು. ಆದರೆ ಅನುಕ್ರಮ ಯಾವುದು? ಸಂಪಾದಕರು ಬಹುಮಟ್ಟಿಗೆ ಆಧಾರವಾಗಿಟ್ಟುಕೊಂಡದ್ದು 2004ರ ಜೋಡಣೆಯನ್ನು. ಹೊಸದನ್ನು ನೋಡಿ ಹಳೆಯದನ್ನು ಜೋಡಿಸಿದರು. ಉಳಿದ ಸಿಡಿಗಳಲ್ಲಿ ಬಿಡಿ ತುಂಡುಗಳು, ವಾದಕರ ನಡುವಿನ ಮಾತು, ಮತ್ತೊಮ್ಮೆ ನುಡಿಸಿ ಎನ್ನುವ ಬ್ರಯಾನನ ದನಿ. 2025ರ ಜೂನ್ 11ರಂದು ಅವನು ತೀರಿಕೊಳ್ಳುವ ಹೊತ್ತಿಗೂ ಹಳೆಯ ಕ್ಯಾಸೆಟ್ ಸಂಪಾದಕರ ಕೆಲಸ ನಿಂತಿರಲಿಲ್ಲ. ಸುಯ್ಯೆನ್ನುವ ಸದ್ದಿಲ್ಲದ, ಶುದ್ಧವಾದ ತುಂಡುಗಳು ಈಗ ಕೈಗೆ ಸಿಕ್ಕಿದ್ದರಿಂದ ಅವರು ಮೊದಲಿನಿಂದ ಮತ್ತೆ ಜೋಡಿಸಲು ಕೂತಿದ್ದರು.